ನಾನು ಕಟ್ಟಿದ ಕೊನೆಯ ರೀಲು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಮದ್ದೂರಿನ ಟೆಂಟಿನಲ್ಲಿ ನಾವು ಆ ಇಂಗ್ಲಿಷ್ ಚಿತ್ರ ನೋಡಿದ್ದು ಜರ್ಮನಿಯ ಯುದ್ಧ ಶುರುವಾಗುವುದಕ್ಕೆ ಹಿಂದಿನ ಬೇಸಿಗೆಯಲ್ಲಿ ಎಂದು ನನ್ನ ನೆನಪು. ಅದಕ್ಕೂ ಒಂದು ಬೇಸಿಗೆ ಹಿಂದೆ ಇದ್ದರೂ ಇರಬಹುದು. ನನಗೆ ಆಗ ಹದಿಮೂರೋ ಹದಿನಾಲ್ಕೋ. ದಿನಚರಿ ಬರೆಯುವ ಅಭ್ಯಾಸ ಆಗಲೇ ಇತ್ತು, ವರ್ಷ ಹಾಕುವ ಅಭ್ಯಾಸ ಇರಲಿಲ್ಲ. ಆದರೆ ಆ ದಿನದ ಪುಟ ತೆಗೆದರೆ ಇರುವುದು ಇಷ್ಟೇ: ‘ಸಂಜೆ ಇಂಗ್ಲಿಷ್ ಸಿನಿಮಾ. ಸೆಕೆ. ಚಿಕ್ಕವ್ವ ತುಂಬಾ ನಕ್ಕಳು.’ ಮಾರನೆಯ ದಿನದ ಪುಟ ಖಾಲಿ. ನಡೆಯಬೇಕಾದದ್ದೆಲ್ಲ ನಡೆದದ್ದು ಆ ಖಾಲಿ ಪುಟದ ದಿನ. ಬರೆಯಲು ಮರೆತೆನೋ, ಬರೆಯಬಾರದೆಂದು ಆಗಲೇ ಗೊತ್ತಿತ್ತೋ, ಈಗ ಹೇಳಲಾರೆ. ಕಾಲೇಜಿನಲ್ಲಿ ಚರಿತ್ರೆ ಓದುವಾಗ, ಬರೆದಿಟ್ಟ ದಾಖಲೆಯನ್ನು ನಂಬಿ, ಬಾಯಿಮಾತನ್ನು ಅನುಮಾನಿಸಿ ಎಂದು ಕಲಿಸಿದರು. ಈ ವಿಷಯದಲ್ಲಿ ನನ್ನ ದಾಖಲೆ ಬಾಯಿಮಾತಿಗಿಂತ ಕಡೆಯಾಗಿದೆ.

ಅಪ್ಪನಿಗೆ ಮಂಡ್ಯದಲ್ಲಿ ಗುಮಾಸ್ತೆ ಕೆಲಸ. ನಾನು ಅಲ್ಲೇ ಇಂಗ್ಲಿಷ್ ಶಾಲೆಗೆ ಹೋಗುತ್ತಿದ್ದೆ. ಬೇಸಿಗೆ ರಜೆಗೆ ಅವ್ವನ ತವರು ವೈದ್ಯನಾಥಪುರಕ್ಕೆ ಕಳಿಸುತ್ತಿದ್ದರು. ಆ ಮನೆಯಲ್ಲಿ ಅಜ್ಜಿ, ಮಾವ, ಮತ್ತು ಆ ವರ್ಷ ಚಿಕ್ಕವ್ವ. ಮಾವನಿಗೆ ಕನ್ನಡ ಓದಲು ಬರುತ್ತಿತ್ತು, ಇಂಗ್ಲಿಷ್ ಬರುತ್ತಿರಲಿಲ್ಲ. ಹಾಗಾಗಿ ತಂತಿ ಬಂದರೆ, ಔಷಧಿ ಶೀಸೆಯ ಮೇಲೆ ಏನಾದರೂ ಬರೆದಿದ್ದರೆ ನನ್ನನ್ನು ಕರೆಯುತ್ತಿದ್ದರು. ಎಷ್ಟು ಚಮಚ ಎಂದು ನಾನು ಹೇಳುತ್ತಿದ್ದೆ, ಅವರು ಅಷ್ಟೇ ಕುಡಿಯುತ್ತಿದ್ದರು. ಒಮ್ಮೆಯೂ ಯಾರೂ ತಿರುಗಿ ಕೇಳಿದವರಲ್ಲ. ನನಗೆ ಅದು ಎಷ್ಟು ಹಿತವಾಗಿತ್ತು ಎಂಬುದನ್ನು ಮಾತ್ರ ನಾನು ಮರೆತಿಲ್ಲ.

ಚಿಕ್ಕವ್ವ ಅವ್ವನ ಕೊನೆಯ ತಂಗಿ, ನನಗಿಂತ ಎಂಟೊಂಬತ್ತು ವರ್ಷಕ್ಕೆ ದೊಡ್ಡವಳು. ಅವಳನ್ನು ಮಳವಳ್ಳಿ ಕಡೆ ಕಿರುಗಾವಲಿಗೆ ಕೊಟ್ಟಿದ್ದರು. ಮದುವೆಯಾಗಿ ಐದು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಸಂಕ್ರಾಂತಿಗೆಂದು ತವರಿಗೆ ಬಂದವಳು ವಾಪಸು ಹೋಗಲಿಲ್ಲ. ಊರಿನ ಯಜಮಾನರು ಎರಡು ಸಲ ಅಜ್ಜಿಯ ಜಗಲಿಯ ಮೇಲೆ ಕೂತು ಅವಳನ್ನು ವಿಚಾರಿಸಿದ್ದರಂತೆ. ಗಂಡ ಹೊಡೆಯುತ್ತಾನಾ? ಇಲ್ಲ. ಕುಡಿಯುತ್ತಾನಾ? ಇಲ್ಲ. ಇನ್ನೊಬ್ಬಳನ್ನು ಇಟ್ಟುಕೊಂಡಿದ್ದಾನಾ? ಇಲ್ಲ. ಅತ್ತೆ ಹೊಟ್ಟೆಗೆ ಹಾಕುವುದಿಲ್ಲವಾ? ಹಾಕುತ್ತಾಳೆ. ಹಾಗಾದರೆ ಏನು ಕೊರತೆ ಎಂದರೆ ಅವಳು ಹೇಳಿದ್ದು ಒಂದೇ ಮಾತು: ‘ಆ ಮನೆ ನಂಗೆ ಬ್ಯಾಡ.’ ಎರಡನೆಯ ಸಲವೂ ಅದೇ. ಹೊಡೆತದ ಒಂದು ಗುರುತು ತೋರಿಸಿದ್ದರೆ ಯಜಮಾನರಿಗೆ ಎಷ್ಟೋ ಸುಲಭವಾಗುತ್ತಿತ್ತು. ಕಾರಣವಿಲ್ಲದ ಹೆಂಗಸನ್ನು ಏನು ಮಾಡಬೇಕೆಂದು ಅವರಿಗೆ ತಿಳಿದಿರಲಿಲ್ಲ.

ನಮ್ಮ ಜನದಲ್ಲಿ ಉಡಿಕೆ ಎಂಬ ಪದ್ಧತಿ ಇದೆ. ಗಂಡ ಸತ್ತವಳನ್ನೋ, ಗಂಡನಿಂದ ಬಿಡುಗಡೆಯಾದವಳನ್ನೋ ಇನ್ನೊಬ್ಬ ಸೀರೆ ತಂದು ಉಡಿಸಿ ಮನೆಗೆ ಕರೆದುಕೊಳ್ಳುವುದು. ಚಪ್ಪರವಿಲ್ಲ, ವಾಲಗವಿಲ್ಲ. ಮುಂದೆ ಯಾರ ಮದುವೆಯಲ್ಲೂ ಹಸೆಯ ಹತ್ತಿರ ಅವಳು ನಿಲ್ಲುವಂತಿಲ್ಲ. ಆದರೂ ಅದು ಸಂಸಾರವೇ. ಯಲಿಯೂರಿನ ಒಬ್ಬರು, ಹೆಂಡತಿ ತೀರಿಕೊಂಡವರು, ರೈಲು ದಾರಿಯ ಪಕ್ಕದಲ್ಲಿ ಗದ್ದೆ ಇದ್ದವರು, ಎತ್ತು ನೋಡಲೆಂದು ಮಾವನ ಮನೆಗೆ ಬಂದು, ಮತ್ತೆ ಎತ್ತಿನ ನೆಪದಲ್ಲೇ ಎರಡು ಸಲ ಬಂದು, ಕೊನೆಗೆ ಬೇರೊಬ್ಬರ ಬಾಯಿಂದ ಚಿಕ್ಕವ್ವನನ್ನು ಕೇಳಿಸಿದ್ದರು. ನಾನು ಅವರನ್ನು ಒಂದೇ ಸಲ ನೋಡಿದ್ದು. ಮುಖ ನೆನಪಿಲ್ಲ. ಅವರು ನೀರು ಕೇಳಿದಾಗ ಚಿಕ್ಕವ್ವ, ಮನುಷ್ಯರಿಗೋ ಎತ್ತಿಗೋ ಎಂದು ಕೇಳಿದ್ದು, ಅವರು ಮೊದಲು ಎತ್ತಿಗೆ ಎಂದದ್ದು, ಇಬ್ಬರೂ ನಕ್ಕದ್ದು ನೆನಪಿದೆ.

ವಿಷಯ ಕಿರುಗಾವಲಿಗೆ ತಲುಪಿತು. ಚಿಕ್ಕವ್ವನ ಗಂಡ ಹೇಳಿ ಕಳಿಸಿದರು: ಬರುವ ಸೋಮವಾರ ಬರುತ್ತೇನೆ. ಎಲ್ಲರ ಮುಂದೆ ಅವಳ ಬಾಯಿಂದಲೇ ಮಾತು ಬರಲಿ. ಒಲ್ಲೆ ಎಂದರೆ ತಾಳಿ ಇಸಿದುಕೊಂಡು ಬಿಟ್ಟುಕೊಡುತ್ತೇನೆ, ಬರುತ್ತೇನೆ ಎಂದರೆ ಅವತ್ತೇ ಕರೆದುಕೊಂಡು ಹೋಗುತ್ತೇನೆ. ನ್ಯಾಯವಾದ ಮಾತು ಎಂದು ಯಜಮಾನರು ತಲೆದೂಗಿದರು. ಸೋಮವಾರ ಅವಳು ಏನು ಹೇಳುತ್ತಾಳೆ ಎಂಬುದೊಂದೇ ಆ ವಾರ ಮನೆಯಲ್ಲಿ ಇದ್ದ ವಿಷಯ. ಅದನ್ನು ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. ಮಾವ ಅವಳನ್ನು ಕಂಡರೆ ಎದ್ದು ಹೊಲಕ್ಕೆ ಹೋಗುತ್ತಿದ್ದ. ಚಿಕ್ಕವ್ವ ಒಲ್ಲೆ ಎನ್ನುತ್ತಾಳೆ ಎಂದೇ ನಾನು ತಿಳಿದಿದ್ದೆ. ಅಥವಾ ಹಾಗೆ ತಿಳಿದಿದ್ದೆ ಎಂದು ಈಗ ತಿಳಿದಿದ್ದೇನೆ.

ಅದರ ಹಿಂದಿನ ಶನಿವಾರ ಮದ್ದೂರಿನಲ್ಲಿ ಸಿನಿಮಾ. ಬಯಲಿನಲ್ಲಿ ಟೆಂಟು ಹೊಡೆದು ತಿಂಗಳಾಗಿತ್ತು. ಅಲ್ಲಿ ಇಂಗ್ಲಿಷ್ ಚಿತ್ರ ಎಂದರೆ ಕುದುರೆ, ಗುದ್ದಾಟ, ಉರಿಯುವ ಸೇತುವೆ. ಅದಕ್ಕೆ ಭಾಷೆ ಬೇಕಾಗಿರಲಿಲ್ಲ. ಆ ವಾರ ಬರಬೇಕಾಗಿದ್ದ ಪೌರಾಣಿಕ ಚಿತ್ರದ ಡಬ್ಬಗಳು ರೈಲಿನಲ್ಲಿ ಬರಲಿಲ್ಲ. ಟೆಂಟಿನವರ ಹತ್ತಿರ ಯಾವ ಕಾಲದಲ್ಲೋ ಬಂದು ಬಿದ್ದಿದ್ದ ಒಂದು ಹಳೆಯ ಇಂಗ್ಲಿಷ್ ಚಿತ್ರವಿತ್ತು. ಅದನ್ನೇ ಹಾಕಿದರು. ಗಾಡಿಯಲ್ಲಿ ತಮಟೆ ಬಾರಿಸಿಕೊಂಡು ಭಯಂಕರ ಫೈಟಿಂಗ್ ಎಂದು ಸಾರಿಕೊಂಡು ಹೋದರು. ಚಿಕ್ಕವ್ವನಿಗೆ ಸಿನಿಮಾ ಎಂದರೆ ಪ್ರಾಣ. ಅಜ್ಜಿ ಯಾಕೆ ಒಪ್ಪಿದಳೋ, ಬಹುಶಃ ಸೋಮವಾರದ ಮೊದಲು ಅವಳ ಮನಸ್ಸು ಹಗುರವಾಗಲಿ ಎಂದಿರಬೇಕು. ದೀಪ ಹಚ್ಚುವ ಹೊತ್ತಿನ ಆಟಕ್ಕೆ ಮಾವ ನಮ್ಮನ್ನು ಗಾಡಿಯಲ್ಲಿ ಕರೆದುಕೊಂಡು ಹೋಗಿ ಬಿಟ್ಟ.

ಹೆಂಗಸರ ಕಡೆ ಮರಳು, ಗಂಡಸರ ಕಡೆ ಬೆಂಚು, ನಡುವೆ ತಡಿಕೆ. ಚಿತ್ರ ಶುರುವಾಗಿ ಕಾಲು ಗಂಟೆಯಾದರೂ ಯಾರೂ ಯಾರನ್ನೂ ಗುದ್ದಲಿಲ್ಲ. ಗಂಡಸರ ಕಡೆ ಸಿಳ್ಳೆ, ಬೈಗುಳ. ಅರ್ಧಕ್ಕರ್ಧ ಜನ ಎದ್ದು ಹೋದರು. ಹೆಂಗಸರು ಏಳಲಿಲ್ಲ. ಗಾಡಿ ಬರುವ ತನಕ ಏಳುವ ಹಾಗೂ ಇರಲಿಲ್ಲ. ಯಾರೋ ಚಿಕ್ಕವ್ವನನ್ನು ಕೇಳಿದರು, ನಿಮ್ಮ ಹುಡುಗಿ ಇಸ್ಕೂಲಿನವಳಲ್ಲವಾ, ಹೇಳಲಿ ಎಂದು. ಹಾಗೆ ನಾನು ಹೇಳತೊಡಗಿದೆ. ಅವರ ಇಂಗ್ಲಿಷು ನನ್ನ ಪಠ್ಯಪುಸ್ತಕದ ಇಂಗ್ಲಿಷಾಗಿರಲಿಲ್ಲ. ಹತ್ತು ಮಾತಿನಲ್ಲಿ ನನಗೆ ತಿಳಿದದ್ದು ನಾಲ್ಕು. ಉಳಿದ ಆರನ್ನು ಮುಖ ನೋಡಿ ಕಟ್ಟಿದೆ. ಯಾರಿಗೂ ಅನುಮಾನ ಬರಲಿಲ್ಲ. ನನಗೂ ಬರಲಿಲ್ಲ.

ಕತೆ ಹೀಗೆ. ಒಬ್ಬ ಹೆಂಗಸು ಗಂಡನನ್ನು ಬಿಟ್ಟು ದೊಡ್ಡ ಪಟ್ಟಣದ ಹೋಟೆಲಿನಲ್ಲಿ ಬಂದು ಇಳಿಯುತ್ತಾಳೆ. ಗಂಡ ಕೆಟ್ಟವನಲ್ಲ. ಬೆಳಿಗ್ಗೆ ತಿಂಡಿಗೆ ಕೂತಾಗ ಅವಳಿಗೆ ರೈಲಿನ ವೇಳಾಪಟ್ಟಿ ಓದಿ ಹೇಳುತ್ತಾನೆ, ಅಷ್ಟೇ. ಹೋಟೆಲಿನಲ್ಲಿ ಅವಳ ಎದುರಿನ ಕೋಣೆಯಲ್ಲಿ ಪಿಯಾನೋ ಮಾರುವವನೊಬ್ಬ ಇದ್ದಾನೆ. ಅವನಿಗೆ ಪಿಯಾನೋ ಬಾರಿಸಲು ಬರುವುದಿಲ್ಲ. ಅವಳು ಅವನನ್ನು ತಾನಾಗಿಯೇ ಊಟಕ್ಕೆ ಕರೆಯುತ್ತಾಳೆ. ಆ ದೇಶದ ಹೋಟೆಲುಗಳಲ್ಲಿ ಪಾಲಿಶ್ ಮಾಡಲೆಂದು ಸಂಜೆ ಬೂಟುಗಳನ್ನು ಕೋಣೆಯ ಬಾಗಿಲ ಹೊರಗೆ ಇಡುವುದು ರೂಢಿ. ಒಂದು ಸಂಜೆ ಅವಳ ಬಾಗಿಲ ಮುಂದೆ ಅವಳ ಬೂಟಿನ ಪಕ್ಕ ಗಂಡಸಿನ ಒಂದು ಜೊತೆ ಬೂಟು. ಬಾಗಿಲು ಮುಚ್ಚಿದೆ. ಎಷ್ಟು ಹೊತ್ತಾದರೂ ಚಿತ್ರ ಒಳಗೆ ಹೋಗುವುದೇ ಇಲ್ಲ, ಬೂಟುಗಳನ್ನೇ ತೋರಿಸುತ್ತ ನಿಲ್ಲುತ್ತದೆ.

ನನಗೆ ಅದು ಅರ್ಥವಾಗಲಿಲ್ಲ. ಏನು ಹೇಳಲಿ ಎಂದು ತಡವರಿಸಿದೆ. ಆದರೆ ಅಲ್ಲಿ ಕೂತಿದ್ದ ಹೆಂಗಸರಿಗೆ ನಾನು ಬೇಕಾಗಿರಲಿಲ್ಲ. ಬಾಗಿಲಲ್ಲಿ ಬಿಟ್ಟ ಮೆಟ್ಟು ನೋಡಿ ಒಳಗೆ ಯಾರು ಬಂದಿದ್ದಾರೆ, ಎಷ್ಟು ಹೊತ್ತಾಯಿತು ಎಂದು ಹೇಳುವುದು ಅವರ ದಿನದ ಕೆಲಸ. ಇಡೀ ಮರಳು ನಕ್ಕಿತು. ಬಸ್ಸು ರಿಪೇರಿ ಮಾಡುವವರ ಮನೆಯ ಬೂಬಮ್ಮ ನಮ್ಮ ಹಿಂದೆಯೇ ಕೂತಿದ್ದರು. ಮುಂದಿನ ದೃಶ್ಯದಲ್ಲಿ ಹುಡುಕಿಕೊಂಡು ಬಂದ ಗಂಡ ಪಕ್ಕದ ಕೋಣೆಯಲ್ಲೇ ಇಳಿದು ಅವನ ಬೂಟೂ ಕೋಣೆಗಳ ನಡುವಿನ ಅದೇ ಓಣಿಯಲ್ಲಿ ಕಂಡಾಗ, ಬುರ್ಖಾದೊಳಗಿಂದಲೇ ಹೇಳಿದರು: ‘ಎರಡು ಜೋಡು ಆಯ್ತು. ಮೂರನೇದಕ್ಕೂ ಜಾಗ ಬಿಟ್ಟವ್ಳೆ ನೋಡ್ರಮ್ಮ.’ ಚಿಕ್ಕವ್ವ ನಕ್ಕು ನಕ್ಕು ನನ್ನ ಭುಜದ ಮೇಲೆ ಒರಗಿದಳು.

ಆಮೇಲೆ ಓಣಿಯಲ್ಲಿ ಗಂಡ ಹೆಂಡತಿ ಎದುರಾಗುವ ಜಾಗ. ಅವನು ಕೈಯಲ್ಲಿ ಎರಡು ರೈಲು ಟಿಕೆಟ್ ಹಿಡಿದಿದ್ದಾನೆ. ಮನೆಗೆ ಬಾ, ನಿನ್ನನ್ನು ಕ್ಷಮಿಸಿದ್ದೇನೆ ಎನ್ನುತ್ತಾನೆ. ಅವಳು ನಗುತ್ತ, ನಾನು ಕೇಳಲೇ ಇಲ್ಲವಲ್ಲ ಎನ್ನುತ್ತಾಳೆ. ಈ ಮಾತು ಮಾತ್ರ ನನಗೆ ಸ್ಪಷ್ಟವಾಗಿ ಕೇಳಿಸಿತ್ತು. ಇದನ್ನು ನಾನು ಕಟ್ಟಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

‘ಏನಂದ್ಲು? ಇನ್ನೊಂದ್ ಕಿತ ಏಳು’ ಎಂದಳು ಚಿಕ್ಕವ್ವ. ಈಗ ನಗುತ್ತಿರಲಿಲ್ಲ.

ನಾನು ಇನ್ನೊಮ್ಮೆ ಹೇಳಿದೆ. ಅವಳು ಅದನ್ನು ತುಟಿಯಲ್ಲೇ ಆಡಿಕೊಂಡಳು.

ಅಲ್ಲಿಗೆ ಪರದೆ ಬೆಳ್ಳಗಾಯಿತು. ಹೆಂಗಸು ಬಾಗಿಲ ಹಿಡಿಯ ಮೇಲೆ ಕೈ ಇಟ್ಟಿದ್ದಳು, ಗಂಡ ಟಿಕೆಟ್ ಹಿಡಿದು ನಿಂತಿದ್ದ, ಅಷ್ಟೇ. ಟೆಂಟಿನವನು ಬಂದು, ಮುಂದಿನ ರೀಲು ಹಿಂದಿನ ಕ್ಯಾಂಪಿನಲ್ಲಿ ಸುಟ್ಟುಹೋಗಿದೆ, ಇಷ್ಟೇ ಇರುವುದು ಎಂದು ಸಲೀಸಾಗಿ ಹೇಳಿದ. ಹಣ ವಾಪಸು ಕೇಳಲು ಉಳಿದವರೇ ಕಮ್ಮಿ. ಗಾಡಿಯಲ್ಲಿ ಬರುವಾಗ ಚಿಕ್ಕವ್ವ, ಆಮೇಲೆ ಏನಾಗಿರಬಹುದು ಎಂದು ಕೇಳುತ್ತಲೇ ಇದ್ದಳು. ಗೊತ್ತಿಲ್ಲ ಎಂದೆ. ಶನಿವಾರ ನಾನು ಹೇಳಿದ್ದು ನಿಜ.

ಮುಂದೆ ಕಾಲೇಜಿನಲ್ಲಿ ನಾಟಕಗಳನ್ನು ಓದಿದಾಗ ಆ ಚಿತ್ರದ ಕೈಚಳಕ ನನಗೆ ಸ್ವಲ್ಪ ಸ್ವಲ್ಪವಾಗಿ ತಿಳಿಯಿತು. ಮುಚ್ಚಿದ ಬಾಗಿಲನ್ನು ತೋರಿಸಿ ಸುಮ್ಮನಾಗುವ ಧೈರ್ಯ, ನೋಡುವವರು ದಡ್ಡರಲ್ಲ ಎಂಬ ನಂಬಿಕೆ. ನಗಿಸುವ ಮಾತನ್ನು ಆಡಿದವರೇ ನಗದೆ ಮುಂದಕ್ಕೆ ಹೋಗಿಬಿಡುವುದು. ಎಲ್ಲಕ್ಕಿಂತ ಹೆಚ್ಚಾಗಿ, ಇಡೀ ಚಿತ್ರದಲ್ಲಿ ಯಾರೂ ಅವಳನ್ನು ಜಗಲಿಯ ಮೇಲೆ ಕೂರಿಸಿ ಕಾರಣ ಕೇಳುವುದಿಲ್ಲ. ಮುತ್ತು, ತೆಳು ಉಡುಪು ಇವೆಲ್ಲ ಅದರಲ್ಲಿ ಇದ್ದವು. ದಿಟ್ಟತನ ಇದ್ದದ್ದು ಅಲ್ಲಿ ಅಲ್ಲ. ಬೇಸರವೂ ಒಂದು ಕಾರಣ ಎಂದು ಆ ಚಿತ್ರ ಒಪ್ಪಿಕೊಂಡಿತ್ತು, ಅದೂ ದುಃಖಪಡದೆ, ನಗುತ್ತ.

ಇನ್ನು ಭಾನುವಾರ ಬೆಳಿಗ್ಗೆ. ಅಜ್ಜಿ ಜಗಲಿಯ ಮೇಲೆ ನನ್ನ ತಲೆಗೆ ಹರಳೆಣ್ಣೆ ಒತ್ತುತ್ತಿದ್ದಳು. ಚಿಕ್ಕವ್ವ ಒಳಗೆ ರಾಗಿ ಬೀಸುತ್ತಿದ್ದಳು. ಕಲ್ಲಿನ ಸದ್ದು ಕೇಳುತ್ತಿತ್ತು.

‘ನೆನ್ನೆಯಿಂದ ಅದ್ನೇ ನೆನ್ಕಂಡು ನಗ್ತಾವ್ಳೆ ನಿನ್ ಚಿಕ್ಕವ್ವ’ ಎಂದಳು ಅಜ್ಜಿ. ‘ಕೊನೇಗೆ ಏನ್ ಮಾಡುದ್ಲವ್ವ ಆ ಎಂಗ್ಸು?’

ನಾನು ರೀಲು ಸುಟ್ಟ ವಿಷಯ ಹೇಳಿದೆ.

‘ಇಸ್ಕೂಲಿಗೆ ಓಗೋಳ್ಗೇ ಗೊತ್ತಿಲ್ದೆ ಇನ್ಯಾರ್ಗೆ ಗೊತ್ತಿದ್ದಾದು?’ ಅಜ್ಜಿಯ ಬೆರಳು ನನ್ನ ನೆತ್ತಿಯ ಮೇಲೆ ನಿಂತಿತು. ‘ಗಂಡ ಟಿಕೀಟು ತಂದಿದ್ದ ಅಂದ್ಯಲ್ಲ. ಓಗಿರ್ತಾಳೆ ಬುಡು.’

ಇದನ್ನು ಅವಳು ಪ್ರಶ್ನೆಯಾಗಿ ಕೇಳಿದಳೋ, ಹೇಳಿಕೆಯಾಗಿ ಹೇಳಿದಳೋ, ಅಪ್ಪಣೆಯಾಗಿ ಕೊಟ್ಟಳೋ, ಎಷ್ಟೋ ಸಲ ನೆನಪಿನಲ್ಲಿ ಕೇಳಿಸಿಕೊಂಡಿದ್ದೇನೆ. ಪ್ರತಿ ಸಲವೂ ನನಗೆ ಅವತ್ತು ಹೇಗೆ ಬೇಕೋ ಹಾಗೆ ಕೇಳಿಸುತ್ತದೆ. ಅಜ್ಜಿ ಹೇಳಿಕೊಟ್ಟಳು ಎಂದು ಬರೆದರೆ ನನಗೆ ಅನುಕೂಲ. ಆದ್ದರಿಂದಲೇ ಅದನ್ನು ನಂಬುವುದಿಲ್ಲ. ಅಜ್ಜಿಗೆ ಮಗಳು ಉಡಿಕೆಯವಳಾಗುವುದು ಬೇಡವಾಗಿತ್ತು, ಅದು ನಿಜ. ಮೊಮ್ಮಕ್ಕಳ ಮದುವೆಗಳಲ್ಲಿ ಅವಳನ್ನು ದೂರ ನಿಲ್ಲಿಸಬೇಕಾಗುತ್ತದೆಂದು ಒಬ್ಬಳೇ ಕೂತು ಅಳುವುದನ್ನು ನಾನೇ ನೋಡಿದ್ದೆ. ಆದರೆ ಸುಳ್ಳು ಹೇಳು ಎಂದು ಅವಳು ನನಗೆ ಹೇಳಲಿಲ್ಲ. ನಾನು ‘ಹೂಂ, ಹೋಗ್ತಾಳೆ’ ಎಂದೆ. ಗೊತ್ತಿಲ್ಲ ಎನ್ನುವುದು ನನಗೆ ಅವಮಾನವಾಗಿ ಕಂಡಿರಬೇಕು.

ಬೀಸುವ ಸದ್ದು ನಿಂತಿತು. ಚಿಕ್ಕವ್ವ ಹಿಟ್ಟಿನ ಕೈಯಲ್ಲೇ ಹೊಸ್ತಿಲಿಗೆ ಬಂದಳು.

‘ನೀ ಯೆಂಗ್ ಕಂಡೆ? ಸುಟ್ಟೋಗದೆ ಅಂದ್ನಲ್ಲ ಟೆಂಟ್ನೋನು.’

ಅಲ್ಲಿಗೆ ನಿಲ್ಲಿಸಬಹುದಾಗಿತ್ತು. ಸುಮ್ಮನೆ ಅಂದೆ ಎಂದಿದ್ದರೆ ಮುಗಿಯುತ್ತಿತ್ತು.

‘ಪುಸ್ತಕದಲ್ಲಿ ಓದಿದೀನಿ ಚಿಕ್ಕವ್ವ. ನಮ್ಮ ಇಸ್ಕೂಲಲ್ಲಿ ಆ ಕತೆ ಪುಸ್ತಕ ಅದೆ.’

‘ಪುಸ್ತಕ್ದಲ್ಲಿ ಅದಾ?’

‘ಅದೆ.’

‘ಓಗುವಾಗ ಏನಂತಾಳೆ?’

ಅದಕ್ಕೂ ನನ್ನಲ್ಲಿ ಉತ್ತರ ಸಿದ್ಧವಾಗಿತ್ತು. ಎಲ್ಲಿಂದ ಬಂತೋ. ‘ತಪ್ಪಾಯ್ತು ಅಂತಾಳೆ’ ಎಂದೆ.

ಚಿಕ್ಕವ್ವ ಸ್ವಲ್ಪ ಹೊತ್ತು ನನ್ನನ್ನೇ ನೋಡಿದಳು. ಸಿಟ್ಟಿನ ನೋಟವಲ್ಲ. ಆಮೇಲೆ ಒಳಗೆ ಹೋದಳು. ಮತ್ತೆ ಕಲ್ಲಿನ ಸದ್ದು ಶುರುವಾಯಿತು. ‘ನೋಡು, ಆ ಬಿಳೀ ಎಂಗ್ಸೂ ವಾಪಸ್ ಓದ್ಲಂತೆ’ ಎಂದು ಅಜ್ಜಿ ಒಳಗೆ ಕೇಳುವ ಹಾಗೆ ಹೇಳಿದಳು.

ಸೋಮವಾರ ಚಿಕ್ಕವ್ವನ ಗಂಡ ಬಂದರು, ಜೊತೆಯಲ್ಲಿ ಅವರ ದೊಡ್ಡಪ್ಪ. ಯಜಮಾನರು ಬಂದು ಕೂತರು. ಕುಡಿಯಲು ಮಜ್ಜಿಗೆ ಕೊಟ್ಟರು. ಗಂಡಸರು ಮೊದಲು ಮಳೆಯ ಮಾತು, ಆಮೇಲೆ ನಾಲೆಯ ನೀರಿನ ಮಾತು ಆಡಿದರು. ಕೊನೆಗೆ ಒಬ್ಬರು ಚಿಕ್ಕವ್ವನನ್ನು ಕರೆದು, ‘ಏನವ್ವ, ನಿನ್ ಬಾಯಿಂದ್ಲೇ ಬರ್ಲಿ’ ಎಂದರು. ಅವಳು ಕಂಬ ಹಿಡಿದು ನಿಂತಿದ್ದಳು.

‘ಓಯ್ತೀನಿ’ ಎಂದಳು.

ಮಾವ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಚಿಕ್ಕವ್ವನ ಗಂಡ ತಲೆ ತಗ್ಗಿಸಿಕೊಂಡೇ ಇದ್ದರು. ಗೆದ್ದವರ ಹಾಗೆ ಕಾಣಲಿಲ್ಲ. ಊಟಕ್ಕೆ ಕೂತಾಗ ನನ್ನನ್ನು ಕರೆದು ಯಾವ ಕ್ಲಾಸು ಎಂದು ಕೇಳಿದರು, ಚೆನ್ನಾಗಿ ಓದು ಎಂದರು. ಮಧ್ಯಾಹ್ನ ಗಾಡಿ ಹತ್ತುವಾಗ ಚಿಕ್ಕವ್ವ ಅಜ್ಜಿಯ ಕಾಲು ಮುಟ್ಟಿದಳು, ನನ್ನ ಗಲ್ಲ ಸವರಿದಳು. ಯಲಿಯೂರಿನವರು ಆ ಮಳೆಗಾಲದಲ್ಲೇ ಬೇರೆ ಕಡೆ ಸಂಬಂಧ ಮಾಡಿಕೊಂಡರು. ಎತ್ತನ್ನು ಮಾತ್ರ ಕೊಂಡುಕೊಳ್ಳಲಿಲ್ಲ ಎಂದು ಮಾವ ಗೊಣಗುತ್ತಿದ್ದ.

ಆಮೇಲೆ ಏನೂ ಆಗಲಿಲ್ಲ. ಅದನ್ನೇ ಹೇಳಬೇಕಾದದ್ದು. ಗಂಡ ಹೊಡೆಯಲಿಲ್ಲ, ಅತ್ತೆ ಉಪವಾಸ ಕೆಡವಲಿಲ್ಲ. ತವರಿಗೆ ಮಾತ್ರ ಕಳಿಸುತ್ತಿರಲಿಲ್ಲ. ಒಂದು ಸಲ ಕಳಿಸಿ ಕಲಿತಿದ್ದೇವೆ ಎಂದು ಅವಳ ಅತ್ತೆ ಹೇಳಿದ್ದಳಂತೆ. ಅಜ್ಜಿ ತೀರಿಕೊಂಡಾಗ ಚಿಕ್ಕವ್ವ ಬೆಳಿಗ್ಗೆಯ ಬಸ್ಸಿಗೆ ಬಂದು, ಮಣ್ಣಾದ ಮೇಲೆ ಸಂಜೆಯ ಬಸ್ಸಿಗೆ ಹೋದಳು. ಅಳುವ ಹೆಂಗಸರ ನಡುವೆ ಅವಳು ಅಳಲೂ ಇಲ್ಲ. ಯಾರೋ ಅಜ್ಜಿಯ ಹಳೆಯ ತಮಾಷೆಯೊಂದನ್ನು ಎತ್ತಿದಾಗ ಎಲ್ಲರೂ ಕಣ್ಣೀರಿನಲ್ಲೇ ನಕ್ಕರು, ಅವಳು ನಗಲೂ ಇಲ್ಲ. ಕೇಳಿದ್ದಕ್ಕೆ ಉತ್ತರ ಹೇಳುವುದು, ಕೊಟ್ಟ ಕೆಲಸ ಮಾಡುವುದು, ಇಷ್ಟಕ್ಕೆ ಅವಳು ಇಳಿದಿದ್ದಳು. ಅವಳಿಗೆ ಮೂವತ್ತೂ ಆಗಿರಲಿಲ್ಲ.

ಇದು ನನ್ನಿಂದಾಯಿತೇ ಎಂದು ಅವ್ವನನ್ನು ಒಮ್ಮೆ ಕೇಳಿದೆ. ಅವಳು ಹೋಗುವುದೆಂದು ಶನಿವಾರಕ್ಕೆ ಮೊದಲೇ ತೀರ್ಮಾನವಾಗಿತ್ತು, ನಿನ್ನ ಸಿನಿಮಾ ಕಟ್ಟಿಕೊಂಡು ಏನಾಗಬೇಕು ಎಂದಳು ಅವ್ವ. ಆದರೆ ಅವ್ವ ಆ ವಾರ ಮಂಡ್ಯದಲ್ಲಿದ್ದಳು. ಮಾವ ಬೇರೆಯೇ ಹೇಳಿದ: ಸೋಮವಾರ ಬೆಳಿಗ್ಗೆಯ ತನಕ ಅವಳು ಒಲ್ಲೆ ಎನ್ನುತ್ತಾಳೆ ಎಂದು ನಾನು ಹೆದರಿದ್ದೆ. ಮಾವ ಅಲ್ಲೇ ಇದ್ದವನು, ಆದರೆ ಎಲ್ಲವನ್ನೂ ಹೆಚ್ಚಿಸಿ ಹೇಳುವವನು. ಹದಿಮೂರರ ಹುಡುಗಿಯ ಒಂದು ಸುಳ್ಳಿಗೆ ಬೆಳೆದ ಹೆಂಗಸೊಬ್ಬಳು ಬಾಳು ಬದಲಿಸಿಕೊಂಡಳು ಎಂದು ತಿಳಿಯುವುದರಲ್ಲಿ ಒಂದು ಜಂಬವೂ ಇದೆ, ಅದು ನನಗೆ ಗೊತ್ತು. ನನ್ನಿಂದ ಏನೂ ಆಗಲಿಲ್ಲ ಎಂದು ತಿಳಿಯುವುದರಲ್ಲಿ ನೆಮ್ಮದಿ ಇದೆ. ಎರಡರಲ್ಲಿ ಯಾವುದು ನಿಜ ಎಂದು ನಿರ್ಧರಿಸುವ ಯೋಗ್ಯತೆ ಇರುವವಳು ನಾನಲ್ಲ.

ಯುದ್ಧದ ಕೊನೆಯ ವರ್ಷಗಳಲ್ಲಿ ನಾನು ಮೈಸೂರಿನಲ್ಲಿ ಬಿ.ಎ. ಓದುತ್ತಿದ್ದೆ. ಒಂದು ರಜೆಯಲ್ಲಿ ಸಹಪಾಠಿಯೊಬ್ಬಳ ಮನೆಗೆಂದು ಬೆಂಗಳೂರಿಗೆ ಹೋದಾಗ, ಅವಳ ತಾಯಿ ನಮ್ಮನ್ನು ದಂಡಿನ ಕಡೆಯ ಒಂದು ಥಿಯೇಟರಿಗೆ ಮಧ್ಯಾಹ್ನದ ಆಟಕ್ಕೆ ಕರೆದುಕೊಂಡು ಹೋದರು. ಸೋಲ್ಜರುಗಳಿಗಾಗಿ ಅಲ್ಲಿ ಹಳೆಯ ಚಿತ್ರಗಳನ್ನೆಲ್ಲ ಮತ್ತೆ ಹಾಕುತ್ತಿದ್ದರು. ಯಾವ ಚಿತ್ರ ಎಂದು ನಾನು ಕೇಳಿಯೂ ಇರಲಿಲ್ಲ. ಪರದೆಯ ಮೇಲೆ ಗಂಡ ರೈಲಿನ ವೇಳಾಪಟ್ಟಿ ತೆಗೆದಾಗ ಯಾವುದೆಂದು ತಿಳಿಯಿತು.

ಈಗ ಎಲ್ಲ ಮಾತೂ ಅರ್ಥವಾಯಿತು. ಟೆಂಟಿನಲ್ಲಿ ನಾನು ಹೇಳಿದ್ದರಲ್ಲಿ ಅರ್ಧ ತಪ್ಪು. ಪಿಯಾನೋ ಮಾರುವವನ ಬಾಯಲ್ಲಿ ನಾನು ಹಾಕಿದ್ದ ಪ್ರೀತಿಯ ಮಾತುಗಳೆಲ್ಲ ಪಿಯಾನೋವಿನ ಬೆಲೆಯ ಮಾತುಗಳಾಗಿದ್ದವು. ಆದರೆ ನಾನು ಕೇಳಲೇ ಇಲ್ಲವಲ್ಲ ಎಂಬ ಮಾತು ಹಾಗೆಯೇ ಇತ್ತು. ಸೋಲ್ಜರುಗಳು ಚಪ್ಪಾಳೆ ತಟ್ಟಿದರು. ಅಲ್ಲಿಂದ ಮುಂದೆ ಮದ್ದೂರಿನಲ್ಲಿ ಬೆಳ್ಳಗಾಗಿದ್ದ ಪರದೆ ಇಲ್ಲಿ ನಡೆಯುತ್ತಾ ಹೋಯಿತು. ಅವಳು ಬಾಗಿಲು ತೆರೆಯುತ್ತಾಳೆ. ಗಂಡನ ಕೈಯಿಂದ ಎರಡೂ ಟಿಕೆಟ್ ತೆಗೆದುಕೊಂಡು, ಒಂದನ್ನು ಹಿಂದಕ್ಕೆ ಕೊಟ್ಟು, ರೈಲು ಎಷ್ಟು ಗಂಟೆಗೆ ಎಂದು ಅವನಿಗೇ ನೆನಪಿಸುತ್ತಾಳೆ. ಅವನು ಹೋಗುತ್ತಾನೆ, ಸಿಟ್ಟಿಲ್ಲದೆ, ಸ್ವಲ್ಪ ಗೊಂದಲದಿಂದ. ಪಿಯಾನೋದವನು ಆಸೆಯಿಂದ ನಿಂತಿರುತ್ತಾನೆ. ಆ ಹೊತ್ತಿಗೆ ಅವನನ್ನೂ ಅವಳು ಒಳಗೆ ಕರೆಯುವುದಿಲ್ಲ. ತನ್ನ ಬೂಟುಗಳನ್ನು ಮಾತ್ರ ಬಾಗಿಲ ಹೊರಗಿಟ್ಟು ಬಾಗಿಲು ಮುಚ್ಚಿಕೊಳ್ಳುತ್ತಾಳೆ. ಅವನು ತನ್ನ ಬೂಟುಗಳನ್ನು ಎದುರಿನ ತನ್ನ ಬಾಗಿಲಲ್ಲೇ ಇಟ್ಟು, ಯೋಚಿಸಿ, ಅವುಗಳ ಮೂತಿಯನ್ನು ಅವಳ ಕಡೆಗೆ ತಿರುಗಿಸುತ್ತಾನೆ. ಅಲ್ಲಿಗೆ ಮುಗಿಯಿತು. ಥಿಯೇಟರಿನ ತುಂಬ ನಗು. ನನ್ನ ಗೆಳತಿ ನನ್ನ ಮುಖ ನೋಡಿ, ತಲೆನೋವಾ ಎಂದು ಕೇಳಿದಳು.

ವಾಪಸು ಬಂದ ಮೇಲೆ ನಮ್ಮ ಇಂಗ್ಲಿಷ್ ಅಧ್ಯಾಪಕಿಯ ಹತ್ತಿರ ಈ ಚಿತ್ರದ ಮಾತು ತೆಗೆದೆ. ಈಗ ಆ ದೇಶದಲ್ಲಿ ಅಂಥ ಚಿತ್ರ ತೆಗೆಯಲು ಬಿಡುವುದಿಲ್ಲ ಎಂದರು. ಕೆಲವು ವರ್ಷಗಳ ಹಿಂದೆ ಕಟ್ಟಳೆ ಮಾಡಿದರಂತೆ, ಗಂಡನನ್ನು ಬಿಟ್ಟುಬಂದ ಹೆಂಗಸು ಕೊನೆಗೆ ಪಶ್ಚಾತ್ತಾಪ ಪಡಬೇಕು, ಇಲ್ಲವೇ ಕಷ್ಟಕ್ಕೆ ಬೀಳಬೇಕು. ಇದನ್ನು ಕೇಳಿ ನನಗೆ ಆಶ್ಚರ್ಯವಾಗಲಿಲ್ಲ. ದೊಡ್ಡ ದೊಡ್ಡ ಮನುಷ್ಯರು ಸಭೆ ಸೇರಿ ಬರೆದ ಕಟ್ಟಳೆಯನ್ನು ನಾನು ವೈದ್ಯನಾಥಪುರದ ಜಗಲಿಯ ಮೇಲೆ, ತಲೆಗೆ ಎಣ್ಣೆ ಒತ್ತಿಸಿಕೊಳ್ಳುತ್ತ, ಯಾರೂ ಕೇಳದೆ ಜಾರಿಗೆ ತಂದಿದ್ದೆ. ತಪ್ಪಾಯ್ತು ಅಂತಾಳೆ ಎಂಬ ಮಾತು ನನಗೆ ಎಲ್ಲಿಂದಲೋ ಬರಲಿಲ್ಲ. ನಾನು ಬೆಳೆದ ಮನೆಗಳಲ್ಲಿ ಕೇಳಿದ ಎಲ್ಲ ಕತೆಗಳೂ ಅಲ್ಲಿಗೇ ಬಂದು ನಿಲ್ಲುತ್ತಿದ್ದವು.

ಕಿರುಗಾವಲಿಗೆ ಹೋಗಲು ನನಗೆ ಇನ್ನೂ ಎರಡು ವರ್ಷ ಬೇಕಾಯಿತು. ಪರೀಕ್ಷೆ, ಕೆಲಸ ಎಂದು ನೆಪಗಳಿದ್ದವು. ಮಂಡ್ಯದಲ್ಲಿ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳಲು ಸೇರಿದ ಮೇಲೆ, ಈ ವರ್ಷದ ಬೇಸಿಗೆಯಲ್ಲಿ ಹೋದೆ. ಇದ್ದಿಲು ಗ್ಯಾಸಿನ ಬಸ್ಸು ಮಳವಳ್ಳಿಯಲ್ಲಿ ಒಂದು ಗಂಟೆ ನಿಂತಿತು. ಏನು ಹೇಳಬೇಕೆಂದು ಅಲ್ಲಿ ಕೂತು ಮನಸ್ಸಿನಲ್ಲೇ ಬರೆದು ಹೊಡೆದು ಮಾಡಿದೆ.

ಚಿಕ್ಕವ್ವ ಹಿತ್ತಲಲ್ಲಿ ಹುಣಿಸೆಹಣ್ಣು ಕುಟ್ಟಿ ಬೀಜ ಬಿಡಿಸುತ್ತಿದ್ದಳು. ನನ್ನನ್ನು ನೋಡಿ ಎದ್ದು ನೀರು ಕೊಟ್ಟಳು. ಅವಳ ಗಂಡ ಹೊಲದಲ್ಲಿದ್ದರು, ಅತ್ತೆ ಒಳಗೆ ಮಲಗಿದ್ದಳು. ನಾನೂ ಕೂತು ಬೀಜ ಬಿಡಿಸುತ್ತ, ಮದ್ದೂರಿನ ಸಿನಿಮಾ ನೆನಪಿದೆಯಾ ಎಂದು ಕೇಳಿದೆ. ಬೂಟಿಂದಾ ಎಂದಳು. ಅದನ್ನು ಬೆಂಗಳೂರಿನಲ್ಲಿ ಪೂರ್ತಿ ನೋಡಿದೆ ಎಂದೆ. ಕೊನೆಯ ರೀಲನ್ನು, ಒಂದು ಮಾತನ್ನೂ ಸೇರಿಸದೆ, ಬಿಡದೆ ಹೇಳಿದೆ. ಟಿಕೆಟ್ ಹಿಂದಕ್ಕೆ ಕೊಟ್ಟದ್ದು, ಅವಳೊಬ್ಬಳ ಬೂಟು, ಎದುರು ಬಾಗಿಲಿನವನು ಮೂತಿ ತಿರುಗಿಸಿದ್ದು. ಆಮೇಲೆ, ಇಸ್ಕೂಲಿನಲ್ಲಿ ಅಂಥ ಪುಸ್ತಕ ಇರಲಿಲ್ಲ, ನಾನು ಹೇಳಿದ್ದು ಸುಳ್ಳು ಎಂದೂ ಹೇಳಿದೆ. ಇದನ್ನು ಹೇಳುವಾಗ ನನ್ನ ಗಂಟಲು ಕಟ್ಟಿತು ಎಂದು ಬರೆಯಲು ಕೈ ಹೋಗುತ್ತಿದೆ. ಕಟ್ಟಲಿಲ್ಲ. ಪಾಠ ಒಪ್ಪಿಸುವ ಹಾಗೆ ಹೇಳಿದೆ.

ಅವಳ ಕೈ ನಿಲ್ಲಲಿಲ್ಲ. ಬೀಜ ಒಂದು ಕಡೆ, ಹಣ್ಣು ಒಂದು ಕಡೆ ಬೀಳುತ್ತಿತ್ತು.

‘ಅವ್ನ್ ಬೂಟ ತಿರುಗ್ಸಿ ಇಟ್ನಾ’ ಎಂದಳು. ಬಾಯಿಯ ಒಂದು ತುದಿ ಸ್ವಲ್ಪ ಅಲುಗಿತು. ಅದು ನ‌ಗುವೋ ಏನೋ, ನಾನು ಪ್ರಮಾಣ ಮಾಡಿ ಹೇಳಲಾರೆ.

ಒಳಗಿನಿಂದ ಅತ್ತೆ ನೀರಿಗೆ ಕೂಗಿದಳು. ಚಿಕ್ಕವ್ವ ಸೆರಗಿಗೆ ಕೈ ಒರೆಸಿಕೊಂಡು ಎದ್ದಳು. ಅವಳು ಒಳಗೆ ಹೋಗುವ ಮೊದಲು ನಾನು ಕೇಳಿದೆ. ಬಂದದ್ದೇ ಅದಕ್ಕೆ. ಇದಾಗಿ ನಾಲ್ಕು ತಿಂಗಳಾಯಿತು, ಮತ್ತೆ ಅದನ್ನೇ ಕೇಳಿ ಎರಡು ಕಾಗದವನ್ನೂ ಬರೆದೆ, ಅವುಗಳನ್ನು ಅವಳಿಗೆ ಯಾರು ಓದಿ ಹೇಳಿದರೋ, ಓದದೆ ಬಿಟ್ಟರೋ ತಿಳಿಯದು. ನಾನು ಕೇಳಿದ್ದು ಇಷ್ಟು:

‘ನಾನು ಹಂಗೆ ಹೇಳ್ದೇ ಇದ್ದಿದ್ರೆ, ಸೋಮವಾರ ನೀನು ಒಲ್ಲೆ ಅಂತಿದ್ಯಾ ಚಿಕ್ಕವ್ವ?’